ಕೇಪಿನ ಕೋವಿ: ಸಂಘವನ್ನು ಸೇರುವ ಮುನ್ನ

ಬೈಂದೂರಿನ ಒಳನಾಡಿನ ಹಳ್ಳಿಯೊಂದರಿಂದ ಕುಂದಾಪುರದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅವನ ಮನೆಯಲ್ಲಿ ಅಜ್ಜಯ್ಯನ ಹೆಸರಿನ ಪರವಾನಿಗೆಯುಳ್ಳ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಯೂರೋಪು ಅಮೆರಿಕಗಳಲ್ಲಿ ಇಂತಹವೇ ಕೋವಿಗಳನ್ನು, ಎಂದರೆ ಬಾಯಿಯಿಂದ ಮದ್ದು ತುಂಬುವ ಕೋವಿಗಳನ್ನು, ಹಿಡಿದು ಗುರಿ ಹೊಡೆಯುವ ಸಂಘಗಳಿವೆಯೆಂದು ಅವನು ಎಲ್ಲಿಯೋ ಓದಿದ್ದನು. ಊರಿನ ನಾಲ್ಕೈದು ಮಂದಿ ಗೆಳೆಯರು ನಮ್ಮಲ್ಲಿಯೂ ಅಂತಹದೊಂದು ಸಂಘವಾಗಲಿ ಎನ್ನುತ್ತಿದ್ದಾರಂತೆ. “ನಾನು ಸೇರಬಹುದೆ? ಸೇರಬೇಕೆ?” ಎಂದು ಅವನು ಕೇಳಿದನು.

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಸೇರಬಹುದೆ ಎಂಬುದಕ್ಕೆ ಕಾನೂನಿನ ಪುಸ್ತಕವು ಉತ್ತರ ಹೇಳುವುದು. ಸೇರಬೇಕೆ ಎಂಬುದಕ್ಕೆ ಮೊದಲು ಆ ಕೋವಿಯ ನಳಿಗೆಯೊಳಗೆ ಏನು ನಡೆಯುವುದೆಂಬುದನ್ನು ತಿಳಿಯಬೇಕು. ನಾವು ಎರಡನೆಯದರಿಂದಲೇ ತೊಡಗೋಣ. ಏಕೆಂದರೆ ಪ್ರೌಢಶಾಲೆಯಲ್ಲಿ ಕಲಿತ ರಸಾಯನ ಶಾಸ್ತ್ರವೂ ಚಲನೆಯ ನಿಯಮಗಳೂ ಇಷ್ಟು ಒಟ್ಟೊಟ್ಟಾಗಿ ಕಾಣಸಿಗುವ ಬೇರೊಂದು ಸಾಧನವು ಹಳ್ಳಿಯ ಮನೆಯಲ್ಲಿ ಇರಲಾರದು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳೆಯ ಒಕ್ಕಲು ಮನೆಗಳಲ್ಲಿ ಎರಡು ಬಗೆಯ ಕೋವಿಗಳ ಹೆಸರು ಕೇಳಿಬರುತ್ತದೆ: ತೋಟೆಯ ಕೋವಿ ಮತ್ತು ಕೇಪಿನ ಕೋವಿ. ಮೊದಲನೆಯದಕ್ಕೆ ಮದ್ದು, ಚರೆ, ಕಿಡಿ ಎಲ್ಲವೂ ಅಡಕವಾಗಿರುವ ಸಿದ್ಧವಾದ ತೋಟೆಯನ್ನು ಹಿಂದಿನಿಂದ ಇಡುವರು. ಎರಡನೆಯದರ ಹಿಂಬದಿಯು ಮುಚ್ಚಿದೆ. ಎಲ್ಲವೂ ಬಾಯಿಯಿಂದಲೇ ಇಳಿಯಬೇಕು. ಮೊದಲು ಕರಿಮದ್ದು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಚರೆ ಅಥವಾ ಗುಂಡು, ಮತ್ತೆ ನಾರು. ಒಂದೊಂದನ್ನೂ ಗಜಕೋಲಿನಿಂದ ಒತ್ತಬೇಕು. ನಳಿಗೆಯ ಹಿಂಬದಿಯಲ್ಲಿ ಟೊಳ್ಳಾದ ಒಂದು ಉಕ್ಕಿನ ಮೊಳೆಯಿರುವುದು. ಇದನ್ನು ನಿಪ್ಪಲ್ ಎನ್ನುವರು. ಅದರ ತಲೆಗೆ ತಾಮ್ರದ ಸಣ್ಣ ಟೋಪಿಯಾದ ಕೇಪನ್ನು ಇಟ್ಟು, ಕುದುರೆಯನ್ನು ಎಳೆದು ಬಿಟ್ಟರೆ ಕೇಪು ಸಿಡಿದು, ಅದರ ಉರಿಯು ಟೊಳ್ಳಿನ ಮೂಲಕ ಹಾದು ಮದ್ದನ್ನು ಮುಟ್ಟುವುದು. ಆಗ ಈಡು ಹಾರುವುದು.

ಈ ಕೇಪಿನ ಕಥೆಯು ಸ್ವಾರಸ್ಯವಾದುದು. ಅದಕ್ಕಿಂತ ಹಿಂದಿನ ಕೋವಿಗಳಲ್ಲಿ ಮೊದಲು ಉರಿಯುವ ಬತ್ತಿಯೂ, ಬಳಿಕ ಚಕಮಕಿ ಕಲ್ಲೂ ಕಿಡಿ ಕೊಡುತ್ತಿದ್ದುವು. ಚಕಮಕಿಯ ಕೋವಿಯಲ್ಲಿ ಹೊರಗಿನ ಬಟ್ಟಲಿನ ಮದ್ದು ಮೊದಲು ಭಗ್ಗನೆ ಉರಿದು, ಒಂದು ಕ್ಷಣದ ತರುವಾಯ ಒಳಗಿನ ಮದ್ದು ಹೊತ್ತಿಕೊಳ್ಳುವುದು. ಆ ಬೆಳಕನ್ನು ಕಂಡ ಹಕ್ಕಿಯು ಗುಂಡು ಬರುವಷ್ಟರಲ್ಲಿ ಹಾರಿಹೋಗುತ್ತಿತ್ತು. ಇದರಿಂದ ಬೇಸತ್ತವನು ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಪೆಟ್ಟು ಬಿದ್ದೊಡನೆ ಸಿಡಿಯುವ ಫಲ್ಮಿನೇಟ್ ಎಂಬ ಲವಣಗಳನ್ನು ಕಿಡಿಗಾಗಿ ಬಳಸಬಹುದೆಂದು ಅವನು ಕಂಡುಕೊಂಡು 1807ರಲ್ಲಿ ಪೇಟೆಂಟ್ ಪಡೆದನು. ತಾಮ್ರದ ಟೋಪಿಯು ಮುಂದಿನ ಒಂದೆರಡು ದಶಕಗಳಲ್ಲಿ ಬಳಕೆಗೆ ಬಂದಿತು. ಒಬ್ಬ ಪಾದ್ರಿಯ ಹಕ್ಕಿಬೇಟೆಯ ಆಸೆಯು ಲೋಕದ ಸೈನ್ಯಗಳ ಕೋವಿಗಳನ್ನೆಲ್ಲ ಬದಲಾಯಿಸಿತು.

ಇನ್ನು ಮದ್ದನ್ನು ಕುರಿತು. ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಪೆಟ್ಲುಪ್ಪು ಆಮ್ಲಜನಕವನ್ನು ಒದಗಿಸುವುದು, ಇದ್ದಿಲು ಉರಿಯುವುದು, ಗಂಧಕವು ಬೇಗ ಹೊತ್ತಿಕೊಂಡು ಉರಿಯನ್ನು ಹಬ್ಬಿಸುವುದು. ಆದುದರಿಂದಲೇ ಹೊರಗಿನ ಗಾಳಿಯ ಹಂಗಿಲ್ಲದೆ ಮುಚ್ಚಿದ ನಳಿಗೆಯೊಳಗೂ ಇದು ಉರಿಯಬಲ್ಲುದು. ಪಠ್ಯಪುಸ್ತಕಗಳಲ್ಲಿ ಇದರ ಸಮೀಕರಣವನ್ನು ಸರಳವಾಗಿ ಕೊಟ್ಟಿರುತ್ತಾರೆ: ಪೆಟ್ಲುಪ್ಪಿನ ಎರಡು ಭಾಗ, ಗಂಧಕದ ಒಂದು ಪರಮಾಣು, ಇಂಗಾಲದ ಮೂರು ಪರಮಾಣು ಕೂಡಿ ಪೊಟ್ಯಾಸಿಯಂ ಸಲ್ಫೈಡ್, ಸಾರಜನಕ ಹಾಗೂ ಇಂಗಾಲದ ಡೈಆಕ್ಸೈಡ್‌ಗಳು ಆಗುತ್ತವೆ. ವಿದ್ಯಾರ್ಥಿಗಳು ಪರಮಾಣು ತೂಕಗಳನ್ನು ಹಿಡಿದು ಲೆಕ್ಕ ಮಾಡಿದರೆ ನೂರರಲ್ಲಿ 75 ಪಾಲು ಪೆಟ್ಲುಪ್ಪು, 12 ಪಾಲು ಗಂಧಕ, 13 ಪಾಲು ಇದ್ದಿಲು ಎಂದು ಬರುವುದು. ಸಮೀಕರಣವೆಂಬುದನ್ನು ಅರಿಯದಿದ್ದ ಹಿಂದಿನವರು ಕೈಯ ಅನುಭವದಿಂದಲೇ ಇದಕ್ಕೆ ಬಲು ಸಮೀಪವಾದ 75, 10, 15ರ ಪ್ರಮಾಣಕ್ಕೆ ಬಂದಿದ್ದರೆಂಬುದು ಆಶ್ಚರ್ಯದ ಸಂಗತಿ.

ಆದರೆ ನಿಜವಾಗಿ ನಡೆಯುವ ಕ್ರಿಯೆ ಇಷ್ಟು ಸರಳವಲ್ಲ. ನೋಬಲ್ ಮತ್ತು ಏಬೆಲ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು 1870ರ ದಶಕದಲ್ಲಿ ಗಟ್ಟಿಯಾದ ಉಕ್ಕಿನ ಪಾತ್ರೆಯೊಳಗೆ ಮದ್ದನ್ನು ಉರಿಸಿ ಉಳಿದುದನ್ನು ತೂಗಿ ನೋಡಿದರು. ಮದ್ದಿನ ಅರ್ಧಕ್ಕಿಂತ ಕಡಿಮೆ ಭಾಗ, ನೂರಕ್ಕೆ ಸುಮಾರು 43 ಪಾಲು, ಮಾತ್ರ ಅನಿಲವಾಗುವುದು. ಮಿಕ್ಕುದೆಲ್ಲ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮೊದಲಾದ ಘನವಸ್ತು. ಕೇಪಿನ ಕೋವಿಯಿಂದ ಏಳುವ ಬಿಳಿಯ ಹೊಗೆಯ ಮೋಡವೆಂದರೆ ಈ ಘನಕಣಗಳೇ ಸರಿ. ಉಳಿದ ಭಾಗವು ನಳಿಗೆಯ ಒಳಮೈಗೆ ಕಿಟ್ಟವಾಗಿ ಅಂಟಿಕೊಳ್ಳುವುದು. ಈ ಕಿಟ್ಟವು ಗಾಳಿಯ ತೇವವನ್ನು ಹೀರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ, ಈಡು ಹಾರಿಸಿದ ಕೋವಿಯನ್ನು ಬಿಸಿನೀರಿನಿಂದ ತೊಳೆದು ಎಣ್ಣೆ ಹಚ್ಚದೆ ಮೂಲೆಗೆ ಒರಗಿಸಿದರೆ ಒಂದೆರಡು ದಿನಗಳಲ್ಲಿಯೇ ಒಳಗೆ ತುಕ್ಕು ಹಿಡಿಯುವುದು. ತೊಳೆದ ನೀರು ಕೊಳೆತ ಮೊಟ್ಟೆಯಂತೆ ನಾರುವುದನ್ನು ಕೋವಿಯಿರುವ ಮನೆಯ ಹೆಂಗಸರು ಚೆನ್ನಾಗಿ ಬಲ್ಲರು. ಅದು ಸಲ್ಫೈಡಿನ ಕೆಲಸ. ಹೊರಗೆ ಮಿರಮಿರನೆ ಮಿಂಚುವ ಹಳೆಯ ನಳಿಗೆಯು ಒಳಗೆ ಜೇನುಗೂಡಿನಂತೆ ಕುಳಿಬಿದ್ದಿರುವುದುಂಟು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಬಲದ ಲೆಕ್ಕ. ಒಂದು ಉದಾಹರಣೆಗೆಂದು ಚರೆಯ ತೂಕ 28 ಗ್ರಾಂ, ಅದು ಹೊರಡುವ ವೇಗ ಸೆಕೆಂಡಿಗೆ 300 ಮೀಟರು, ಕೋವಿಯ ತೂಕ 3 ಕಿಲೋಗ್ರಾಂ ಎಂದು ಹಿಡಿಯೋಣ. ಚರೆಯ ಸಂವೇಗವು 0.028 ಗುಣಿಸು 300, ಎಂದರೆ 8.4. ನ್ಯೂಟನ್ನನ ಮೂರನೆಯ ನಿಯಮದಂತೆ ಕೋವಿಗೂ ಅಷ್ಟೇ ಸಂವೇಗ ಹಿಮ್ಮುಖವಾಗಿ ಬರಬೇಕು. ಹಾಗಾದರೆ ಕೋವಿಯು ಸೆಕೆಂಡಿಗೆ 2.8 ಮೀಟರಿನ ವೇಗದಲ್ಲಿ ಹೆಗಲನ್ನು ಒದೆಯುವುದು. ಅನಿಲಕ್ಕೂ ತೂಕವಿರುವುದರಿಂದ ನಿಜವಾದ ಒದೆ ಇದಕ್ಕಿಂತ ತುಸು ಹೆಚ್ಚೇ. ಇನ್ನು ಚಲನಶಕ್ತಿಯನ್ನು ನೋಡಿರಿ. ಚರೆಯದು 1260 ಜೂಲು. ಕೋವಿಯದು 12 ಜೂಲಿಗೂ ಕಡಿಮೆ. ಸಂವೇಗ ಸಮವಾಗಿದ್ದರೂ ಶಕ್ತಿಯು ಹಗುರಾದ ವಸ್ತುವಿನ ಪಾಲಿಗೆ ನೂರು ಪಾಲಿಗಿಂತ ಹೆಚ್ಚಾಗಿ ಹೋಯಿತು. ಕೋವಿಯೆಂಬ ಸಾಧನದ ಗುಟ್ಟೆಲ್ಲ ಇದರಲ್ಲಿಯೇ ಅಡಗಿದೆ. ಹೊಡೆಯುವವನ ಹೆಗಲು ಉಳಿಯುವುದೂ, ಎದುರಿಗಿರುವುದು ಉಳಿಯದಿರುವುದೂ ಒಂದೇ ನಿಯಮದಿಂದ.

ಸೆಕೆಂಡಿಗೆ 300 ಮೀಟರು ಎಂದು ಯಾರು ಅಳೆದರು ಎಂದು ಕೇಳುವ ವಿದ್ಯಾರ್ಥಿಯು ಒಳ್ಳೆಯ ವಿದ್ಯಾರ್ಥಿ. ವಿದ್ಯುತ್ ಗಡಿಯಾರಗಳಿಲ್ಲದ ಕಾಲದಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದು 1742ರಲ್ಲಿ ಪ್ರಕಟಿಸಿದನು. ತೂಗುಹಾಕಿದ ಭಾರವಾದ ಮರದ ತುಂಡಿಗೆ ಗುಂಡು ಹೊಡೆದು, ತುಂಡು ಎಷ್ಟು ಓಲಾಡಿತೆಂದು ನೋಡುವುದೇ ಆ ಉಪಾಯ. 14 ಕಿಲೋಗ್ರಾಂ ತುಂಡಿಗೆ 28 ಗ್ರಾಂ ಗುಂಡು ನಾಟಿ, ತುಂಡು ಸುಮಾರು 18 ಮಿಲಿಮೀಟರು ಮೇಲೇರಿತೆನ್ನೋಣ. ಅಷ್ಟು ಎತ್ತರಕ್ಕೆ ಏರಲು ತುಂಡಿನ ಆರಂಭದ ವೇಗ ಸೆಕೆಂಡಿಗೆ 0.6 ಮೀಟರು ಇದ್ದಿರಬೇಕು. ಗುಂಡು ಸೇರಿದ ತುಂಡು ಗುಂಡಿಗಿಂತ 501 ಪಾಲು ಭಾರ. ಆದುದರಿಂದ ಗುಂಡಿನ ವೇಗ 501 ಗುಣಿಸು 0.6, ಸುಮಾರು 300 ಮೀಟರು. ಕಣ್ಣಿಗೆ ಕಾಣದಷ್ಟು ವೇಗವನ್ನು ಬೆರಳಗಲದ ಏರಿಕೆಯಿಂದ ಅಳೆದ ಈ ಪ್ರಯೋಗವು ನಮ್ಮ ಮಟ್ಟಿಗೆ ವಿಜ್ಞಾನದ ಚೆಲುವಾದ ಪ್ರಯೋಗಗಳಲ್ಲೊಂದು. ಗುಂಡಿನ ಮೇಲೆ ಗಾಳಿಯ ತಡೆಯು ಪಂಡಿತರು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂಬುದೂ ಇದರಿಂದಲೇ ಹೊರಬಿದ್ದಿತು. ಮಹಾಗಣಿತಜ್ಞನಾದ ಆಯ್ಲರನೇ ರಾಬಿನ್ಸನ ಗ್ರಂಥವನ್ನು ಜರ್ಮನ್ ಭಾಷೆಗೆ ತಂದನು.

ನಮ್ಮ ಸೀಮೆಗೂ ಈ ಮದ್ದಿನ ವಿದ್ಯೆಗೂ ಹಳೆಯ ನಂಟಿದೆ. ವಾರಾಹಿಯ ದಡದ ಬಸ್ರೂರು 16ನೆಯ ಶತಮಾನದಲ್ಲಿಯೇ ಪೋರ್ಚುಗೀಸರ ಕಣ್ಣು ಬಿದ್ದ ಬಂದರು. 1665ರಲ್ಲಿ ಶಿವಾಜಿಯ ನೌಕೆಗಳು ಅದರ ಮೇಲೆ ಬಿದ್ದುವು. ಘಟ್ಟ ಹತ್ತಿದರೆ ಸಿಗುವ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಹೈದರ್ ಟಿಪ್ಪುಗಳ ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ದೊರೆತುವು. ಅವುಗಳ ಹೊಟ್ಟೆಯಲ್ಲಿದ್ದುದೂ ಇದೇ ಕರಿಮದ್ದು. ಜಾತ್ರೆಯಲ್ಲಿ ಗರ್ನಾಲು ಸಿಡಿಯುವಾಗ ಮೊದಲು ಬೆಳಕು, ಆಮೇಲೆ ಸದ್ದು ಬರುವುದನ್ನು ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರವನ್ನು ಹೇಳುವ ಆಟವನ್ನು ಕೋಟೇಶ್ವರದ ಕೊಡಿಹಬ್ಬಕ್ಕೆ ಹೋಗುವ ಹುಡುಗರು ಆಡಿ ನೋಡಬಹುದು.

ಹೊರದೇಶದ ಸಂಘಗಳ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಇಂತಹ ಕೋವಿಗಳ ರಾಷ್ಟ್ರೀಯ ಸಂಘವು 1933ರಲ್ಲಿಯೂ, ಬ್ರಿಟನ್ನಿನಲ್ಲಿ 1952ರಲ್ಲಿಯೂ ಹುಟ್ಟಿದುವು. ಹಲವು ದೇಶಗಳ ಸಂಘಗಳು ಕೂಡಿದ ಅಂತರರಾಷ್ಟ್ರೀಯ ಸಮಿತಿಯೊಂದು 1971ರಲ್ಲಿ ಏರ್ಪಟ್ಟಿತು. ಅದರ ಸ್ಪರ್ಧೆಯ ನಿಯಮವು ಲಕ್ಷಿಸತಕ್ಕದ್ದು: ಅರ್ಧ ಗಂಟೆಯಲ್ಲಿ 13 ಈಡು, ಅವುಗಳಲ್ಲಿ ಉತ್ತಮವಾದ 10 ಮಾತ್ರ ಲೆಕ್ಕಕ್ಕೆ. ಎಂದರೆ ಒಂದು ಈಡಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ. ಮದ್ದು ಅಳೆದು, ಗುಂಡು ಒತ್ತಿ, ಕಿಟ್ಟ ಒರಸಿ, ಗುರಿ ಹಿಡಿಯುವುದಕ್ಕೆ ಇದು ಸಾಕು, ಅವಸರಕ್ಕೆ ಸಾಲದು. ಬತ್ತಿಯ ಕೋವಿಯ ಒಂದು ಪಂದ್ಯಕ್ಕೆ ಅಲ್ಲಿ ತನೆಗಶಿಮ ಎಂದು ಹೆಸರು. 1543ರಲ್ಲಿ ಪೋರ್ಚುಗೀಸರು ಕೋವಿಯನ್ನು ಮೊದಲು ಇಳಿಸಿದ ಜಪಾನಿನ ದ್ವೀಪವದು. ಆ ಕೋವಿಗಳ ಮಾದರಿ ಗೋವೆಯ ಕಡೆಯದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಬಸ್ರೂರಿಗೆ ಬಂದ ಹಡಗುಗಳ ಅಣ್ಣತಮ್ಮಂದಿರೇ ಅಲ್ಲಿಗೂ ಹೋಗಿದ್ದುವು ಎನ್ನಬಹುದು.

ನಮ್ಮ ರಾಜ್ಯದಲ್ಲಿ ಇದಕ್ಕೆ ತೀರ ಹತ್ತಿರವಾದುದನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿ ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯೂ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ನಡೆಯುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಿಗೆಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಇದನ್ನು ಕೇಳಿದ ನಮ್ಮ ವಿದ್ಯಾರ್ಥಿಯು “ಹಾಗಾದರೆ ನಮಗೇಕಿಲ್ಲ?” ಎಂದನು. ಆ ವಿನಾಯಿತಿಯು ಕೊಡಗಿನ ಚರಿತ್ರೆಗೆ ಸೇರಿದುದು. ಕುಂದಾಪುರದವನು ಅದನ್ನು ತನ್ನದೆಂದು ಭಾವಿಸಿ ನಡೆದರೆ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಇಲ್ಲಿ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆ. ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಿಗೆ ಕೊಡುವ ವಿಷಯವನ್ನು ಆ ಕಾಯಿದೆಯ 13ನೆಯ ಕಲಮು ಹೆಸರೆತ್ತಿಯೇ ಹೇಳುತ್ತದೆ. ಅಜ್ಜಯ್ಯನ ಕೋವಿ ಈ ಬಗೆಯದು. ಆದರೆ ಆ ಪರವಾನಿಗೆಯು ಅಜ್ಜಯ್ಯನದು, ಮೊಮ್ಮಗನದಲ್ಲ. 21 ವರ್ಷ ತುಂಬದವನು ಪರವಾನಿಗೆ ಪಡೆಯುವಂತಿಲ್ಲ. ನಮ್ಮ ವಿದ್ಯಾರ್ಥಿಗೆ ಈಗ 19. ಅಲ್ಲದೆ ಪರವಾನಿಗೆಯು ಕೋವಿಗೆ ಹೊರತು ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಬೈಂದೂರಿನ ಕಡೆಯವರಿಗೆ ಇನ್ನೊಂದು ಮಾತು. ಕೊಲ್ಲೂರಿನ ಸುತ್ತಣ ಕಾಡು 1974ರಿಂದ ಮೂಕಾಂಬಿಕಾ ವನ್ಯಧಾಮ. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಹೋಗುವಂತಿಲ್ಲ. ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಪರವಾನಿಗೆದಾರರು ವನ್ಯಜೀವಿ ಇಲಾಖೆಯಲ್ಲಿಯೂ ಹೆಸರು ನೋಂದಾಯಿಸಿಕೊಳ್ಳಬೇಕು. ಆ ಮೇರೆಯೊಳಗೆ ಹೊಸ ಪರವಾನಿಗೆ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ನಾಲ್ಕೈದು ಗೆಳೆಯರು ಹಾಡಿಯ ಅಂಚಿನಲ್ಲಿ ಕೂಡಿ ಅಜ್ಜಂದಿರ ಕೋವಿಗಳನ್ನು ಹಾರಿಸುವುದಕ್ಕೆ ಸಂಘವೆಂದು ಹೆಸರಿಟ್ಟ ಮಾತ್ರಕ್ಕೆ ಅದು ಸಂಘವಾಗುವುದಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ನಮ್ಮ ಅಂಜಿಕೆ ಹೋಗದು. ಮೇಲೆ ಹೇಳಿದ ಕುಳಿಬಿದ್ದ ನಳಿಗೆಯನ್ನು ನೆನೆಯಿರಿ. ಗುಂಡನ್ನು ಪೂರ್ತಿಯಾಗಿ ಒತ್ತದೆ ಮದ್ದಿಗೂ ಅದಕ್ಕೂ ನಡುವೆ ತೆರಪು ಉಳಿದರೆ, ಅನಿಲವು ವೇಗವಾಗಿ ಬಂದು ನಿಂತ ಗುಂಡಿಗೆ ಬಡಿದು ಆ ಜಾಗದಲ್ಲಿ ನಳಿಗೆಯು ಉಬ್ಬುವುದು ಅಥವಾ ಒಡೆಯುವುದು. ತೋಟೆಗಳಲ್ಲಿರುವ ಹೊಗೆಯಿಲ್ಲದ ಹೊಸ ಮದ್ದನ್ನು ಕೇಪಿನ ಕೋವಿಗೆ ಹಾಕಿದವರು ಕೈಯನ್ನೇ ಕಳೆದುಕೊಂಡಿದ್ದಾರೆ. ಅದರ ಒತ್ತಡವು ಕರಿಮದ್ದಿನದಕ್ಕಿಂತ ಬಹಳ ಹೆಚ್ಚು. ಮದ್ದನ್ನು ಮನೆಯಲ್ಲಿಯೇ ಕುಟ್ಟುವೆವೆಂಬ ಮಾತನ್ನಂತೂ ಎತ್ತಲೇಬಾರದು. ಅದು ಪರವಾನಿಗೆ ಬೇಕಾದ ಕೆಲಸ, ಒಂದು ಕಿಡಿಗೆ ಕಣ್ಣು ಹೋಗುವ ಕೆಲಸ. ಕೋವಿಯ ಸದ್ದು 140 ಡೆಸಿಬೆಲ್ಲನ್ನು ಮೀರುವುದು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಹೊರದೇಶದ ಸಂಘಗಳಲ್ಲಿ ಕಿವಿಗೂ ಕಣ್ಣಿಗೂ ಕಾಪು ಹಾಕಿಕೊಳ್ಳದೆ ಗುರಿಯ ಕಟ್ಟೆಗೆ ಬಂದವನನ್ನು ಹಿಂದಕ್ಕೆ ಕಳುಹಿಸುವರು.

ಗುರಿಯ ವಿದ್ಯೆಯ ಮೇಲೆ ನಿಜವಾದ ಆಸೆಯಿದ್ದವನಿಗೆ ದಾರಿಯಿಲ್ಲವೆಂದಲ್ಲ. ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆಯು 1951ರಲ್ಲಿ ಲೋಕಸಭೆಯ ಪ್ರಥಮ ಸಭಾಪತಿಗಳಾದ ಮಾವಳಂಕರರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾಯಿತು. ಅದಕ್ಕೆ ಸೇರಿದ ಸಂಸ್ಥೆಗಳಲ್ಲಿ ಏರ್ ರೈಫಲಿನಿಂದ ತೊಡಗಬಹುದು. 4.5 ಮಿಲಿಮೀಟರಿನ ಒಳಗಿನ, 20 ಜೂಲು ಮೀರದ ಏರ್ ರೈಫಲಿಗೆ ಪರವಾನಿಗೆ ಬೇಡ. ನಮ್ಮ ಲೆಕ್ಕದ ಕೇಪಿನ ಕೋವಿಯ 1260 ಜೂಲಿಗೆ ಇದನ್ನು ಹೋಲಿಸಿದರೆ ಕಾನೂನು ಎಲ್ಲಿ, ಏಕೆ ಗೆರೆ ಎಳೆದಿದೆಯೆಂಬುದು ತಿಳಿಯುವುದು. ಕಾಲೇಜಿನ ಎನ್.ಸಿ.ಸಿ.ಯಲ್ಲಿ .22 ರೈಫಲಿನ ಅಭ್ಯಾಸವೂ ಉಂಟು. ಉಸಿರು ಹಿಡಿಯುವುದು, ಬೆರಳನ್ನು ಮೆಲ್ಲನೆ ಒತ್ತುವುದು, ಕೋವಿಯ ಬಾಯಿ ಯಾರ ಕಡೆಗೂ ತಿರುಗದಂತೆ ನೋಡಿಕೊಳ್ಳುವುದು, ಇವುಗಳನ್ನು ಕಲಿಯಲು ಹೊಗೆ ಬೇಕಿಲ್ಲ. ಮುಂದೊಂದು ದಿನ ಕ್ರಮಬದ್ಧವಾದ ಕೇಪಿನ ಕೋವಿಯ ಸಂಘವು ನಮ್ಮಲ್ಲಿ ಏರ್ಪಟ್ಟು, ಅದಕ್ಕೆ ಅನುಮತಿ ಪಡೆದ ಗುರಿಯ ಬಯಲೂ, ನಳಿಗೆಗಳನ್ನು ಪರೀಕ್ಷಿಸುವವರೂ, ಬೇಡವೆನ್ನುವ ಅಧಿಕಾರವುಳ್ಳ ಮೇಲ್ವಿಚಾರಕರೂ ಇದ್ದರೆ, 21 ತುಂಬಿದ ಮೇಲೆ ಸೇರಬಹುದೆಂದು ನಾವು ಅವನಿಗೆ ಹೇಳಿದೆವು. ಈಗ ಬೇಡ.

ಅವನ ಮುಖ ಸಪ್ಪಗಾಯಿತು. ಹೋಗುವ ಮುನ್ನ ನಾವು ಒಂದು ಪ್ರಶ್ನೆ ಕೇಳಿದೆವು: “ಮನೆಯ ಕೋವಿಯಲ್ಲಿ ಮದ್ದು ಇದೆಯೆ, ಇಲ್ಲವೆ?” ಇಲ್ಲವೆಂದನು. ಹೇಗೆ ಬಲ್ಲೆ ಎಂದರೆ ಉತ್ತರವಿಲ್ಲ. ಕೇಪಿನ ಕೋವಿಯನ್ನು ಹಿಂದಿನಿಂದ ತೆರೆದು ನೋಡುವಂತಿಲ್ಲ. ಹೊರಗಿನಿಂದ ತುಂಬಿದ ಕೋವಿಯೂ ಬರಿಯ ಕೋವಿಯೂ ಒಂದೇ. ತಿಳಿಯುವ ಉಪಾಯವು ಗಜಕೋಲೊಂದೇ. ಕೇಪು ಇಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ಬಾಯಿಗೆ ಮೈಯೊಡ್ಡದೆ ಬದಿಗೆ ನಿಂತು, ಮರದ ಕೋಲನ್ನು ಮೆಲ್ಲನೆ ತಳದವರೆಗೆ ಇಳಿಸಿ ಗುರುತು ಮಾಡಬೇಕು. ಬಳಿಕ ಅದೇ ಕೋಲನ್ನು ನಳಿಗೆಯ ಹೊರಗೆ ಹಿಡಿದು, ಗುರುತನ್ನು ಬಾಯಿಯ ಅಂಚಿಗೆ ಸರಿಮಾಡಿ, ತುದಿಯು ನಿಪ್ಪಲಿನ ಬುಡವನ್ನು ತಲುಪುವುದೆ ಎಂದು ನೋಡಬೇಕು. ಇದನ್ನು ಪರವಾನಿಗೆಯುಳ್ಳ ಅಜ್ಜಯ್ಯನೇ ಮಾಡಲಿ, ನೀನು ಮುಟ್ಟಬೇಡ ಎಂದು ಹೇಳಿ ಕಳುಹಿಸಿದೆವು.

ಮರುವಾರ ಅವನು ಬಂದು ತಿಳಿಸಿದುದಿಷ್ಟು. ಕೋಲು ನಿಪ್ಪಲಿಗೆ ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತು. ಕಳೆದ ಚುನಾವಣೆ ಮುಗಿದು, ಠಾಣೆಗೆ ಒಪ್ಪಿಸಿದ್ದ ಕೋವಿ ಮನೆಗೆ ಮರಳಿದ ಮೇಲೆ, ಗದ್ದೆಗೆ ಹಂದಿ ಬಿದ್ದ ರಾತ್ರಿ ಬೆದರಿಸಲೆಂದು ಅಜ್ಜಯ್ಯ ಮದ್ದು ತುಂಬಿದ್ದರು. ಹಂದಿ ತಾನಾಗಿಯೇ ಹೋಯಿತು, ಈಡು ಹಾರಿಸಲಿಲ್ಲ, ಆಮೇಲೆ ಮರೆತುಹೋಯಿತು. ಮಳೆಗಾಲದ ತೇವ ತಾಗದಿರಲೆಂದು ಕೋವಿಯನ್ನು ಇಟ್ಟಿದ್ದುದು ಅಡುಗೆಮನೆಯ ಒಲೆಯ ಮೇಲಣ ಅಟ್ಟದಲ್ಲಿ. ಅಜ್ಜಯ್ಯ ಆ ದಿನವೇ ಅದನ್ನು ಕೋವಿ ರಿಪೇರಿಯ ಪರವಾನಿಗೆಯುಳ್ಳ ಕೆಲಸಗಾರರಲ್ಲಿಗೆ ಒಯ್ದರು. ನಳಿಗೆಯಿಂದ ಅವರು ತೆಗೆದ ನಾರು ಕೊಳೆತಿತ್ತು, ಚರೆಗೆ ಬಿಳಿಯ ಪೊರೆ ಕಟ್ಟಿತ್ತು. ಮದ್ದಿನ ಒಂದು ಚಿಟಿಕೆಯನ್ನು ಅವರು ಅಂಗಳದ ಕಲ್ಲಿನ ಮೇಲಿಟ್ಟು ಕಡ್ಡಿ ತೋರಿಸಿದರಂತೆ. ಅದು ಹೊಸ ಮದ್ದಿನಂತೆಯೇ ಭಗ್ಗೆಂದಿತು.